ಅಕ್ಕನ ಆಫೀಸಿಗೊಂದು ಫೋನು: "ಪ್ರೈವೆಸಿ ಫೋನ್" ಚೆಕ್ ಮಾಡಿದ್ದು, ಆಮೇಲೆ ನಾವೇ ಒಂದು ರೆಡಿ ಮಾಡಿದ್ದು

ನಮ್ಮಕ್ಕ ಕೆಲಸ ಮಾಡೋದು ಹೆಣ್ಮಕ್ಕಳಿಗೆ ಸಹಾಯ ಮಾಡೋ ಒಂದು ಸಣ್ಣ ಸಂಸ್ಥೇಲಿ. ಗಂಡನ ಹೊಡೆತ ತಡೀಲಾರದೆ ಬಂದೋರು, ಮಗು ಎತ್ಕೊಂಡು ಮನೆ ಬಿಟ್ಟು ಬಂದೋರು, ರಾತ್ರಿ ಹನ್ನೊಂದಕ್ಕೆ ಬಚ್ಚಲುಮನೆ ಬಾಗಿಲು ಹಾಕ್ಕೊಂಡು ಪಿಸುಮಾತಲ್ಲಿ ಫೋನ್ ಮಾಡೋರು. ಅವರ ಹೆಸರು, ನಂಬರು, ಈಗ ಯಾರ ಮನೇಲಿ ಇದಾರೆ ಅನ್ನೋದು ಎಲ್ಲಾ ಇರೋದು ಆಫೀಸಿನ ಒಂದೇ ಒಂದು ಹಳೇ ಆಂಡ್ರಾಯ್ಡ್ ಫೋನಲ್ಲಿ. ಹೋದ ತಿಂಗಳು ಒಬ್ಬ ಸೇಲ್ಸ್‌ನವನು ಬಂದು "ಮೇಡಂ ಇದು ಪ್ರೈವೆಸಿ ಫೋನ್, ಮಿಲಿಟರಿ ಗ್ರೇಡ್ ಎನ್‌ಕ್ರಿಪ್ಷನ್, ಗೂಗಲ್ ಇಲ್ವೇ ಇಲ್ಲ, ಯಾರಪ್ಪನ ಕೈಲೂ ಹ್ಯಾಕ್ ಮಾಡಕ್ಕಾಗಲ್ಲ" ಅಂತ ಹೇಳಿ ಒಂದು ಪೀಸ್ ಒಂದು ವಾರ ಟ್ರಯಲ್‌ಗೆ ಬಿಟ್ಟು ಹೋಗಿದ್ದ. ರೇಟು 58 ಸಾವಿರ. ಅಕ್ಕ ಅದನ್ನ ಶನಿವಾರ ಮನೆಗೆ ತಂದು ನನ್ನ ಟೇಬಲ್ ಮೇಲಿಟ್ಟು ಕೇಳಿದ್ದು ಇಷ್ಟೇ: "ಇದನ್ನ ನಂಬ್ಬೋದೇನೋ?"

ಈ ಲಾಗ್ ಆ ಪ್ರಶ್ನೆಗೆ. ಇಂಥ ಫೋನ್ ತಗೊಳೋ ಯೋಚನೆ ಇರೋರಿಗೆ ಉಪಯೋಗ ಆಗ್ಲಿ ಅಂತ ಮಾಡಿದ್ದು ಮಾಡಿದ ಹಾಗೇ ಬರೀತಿದೀನಿ.

ಶನಿವಾರ ರಾತ್ರಿ

ಫೋನ್ ಆಫ್ ಮಾಡಿ ಆನ್ ಮಾಡ್ದೆ. ಲೋಗೋ ಬರೋಕೆ ಮುಂಚೆ ಕಪ್ಪು ಪರದೆ ಮೇಲೆ ಚಿಕ್ಕ ಅಕ್ಷರದಲ್ಲಿ ನಾಲ್ಕು ಸಾಲು ಬಂದು ಐದು ಸೆಕೆಂಡಲ್ಲಿ ಮಾಯ ಆಯ್ತು. ಮತ್ತೆ ರೀಸ್ಟಾರ್ಟ್ ಮಾಡಿ ಇನ್ನೊಂದು ಫೋನಲ್ಲಿ ಫೋಟೋ ತೆಗೆದೆ. "ಆರೆಂಜ್ ಸ್ಟೇಟ್" ಅಂತ ಇತ್ತು, ಕೆಳಗೆ ಈ ಡಿವೈಸ್ ಅನ್‌ಲಾಕ್ ಆಗಿದೆ, ಇದನ್ನ ನಂಬಕ್ಕಾಗಲ್ಲ ಅಂತ ಇಂಗ್ಲಿಷಲ್ಲಿ. ಮೀಡಿಯಾಟೆಕ್ ಚಿಪ್ ಇರೋ ಫೋನಲ್ಲಿ ಬೂಟ್‌ಲೋಡರ್ ಬೀಗ ತೆಗೆದಿದ್ರೆ ಬರೋ ಮೆಸೇಜ್ ಇದು. ಅಕ್ಕನಿಗೆ ತೋರಿಸಿದ್ರೆ, "ಅವನ್ನ ಕೇಳಿದ್ದೆ ಕಣೋ, ಅದು ಹಂಗೇ ಬರತ್ತೆ ಮೇಡಂ, ಸ್ಪೆಷಲ್ ಸಾಫ್ಟ್‌ವೇರ್ ಅಲ್ವಾ ಅಂದ" ಅಂದ್ಲು.

ಬೂಟ್‌ಲೋಡರ್ ಅಂದ್ರೆ ಫೋನ್ ಎದ್ದ ತಕ್ಷಣ ಮೊದಲು ಓಡೋ ಪ್ರೋಗ್ರಾಮ್‌ಗಳಲ್ಲೊಂದು. ಒಳಗಿರೋ ಸಾಫ್ಟ್‌ವೇರ್ ಮೇಲೆ ಸರಿಯಾದ ಸಹಿ ಇದ್ಯಾ ಅಂತ ನೋಡಿ ಒಳಗೆ ಬಿಡೋದು ಅದರ ಕೆಲಸ. ಅದರ ಬೀಗ ತೆಗೆದಿದ್ರೆ ಫೋನ್ ಹತ್ತು ನಿಮಿಷ ಇನ್ನೊಬ್ಬರ ಕೈಗೆ ಸಿಕ್ಕಿದ್ರೆ ಸಾಕು, ಅವರು ಒಳಗೆ ಏನು ಬೇಕಾದ್ರೂ ಸೇರಿಸಿ ವಾಪಸ್ ಇಡಬಹುದು, ಫೋನ್ ಒಂದು ಮಾತೂ ಆಡಲ್ಲ.

ಯುಎಸ್‌ಬಿ ಹಾಕಿ ಎಡಿಬಿ ಶೆಲ್ (ಲ್ಯಾಪ್‌ಟಾಪಿಂದ ಫೋನಿಗೆ ಕಮಾಂಡ್ ಕೊಡೋ ದಾರಿ) ಓಪನ್ ಮಾಡಿ, ಫೋನಿನ ಒಳಗಿನ ವಿವರ ತೋರಿಸೋ ಗೆಟ್‌ಪ್ರಾಪ್ ಕೊಟ್ಟೆ. ನೂರಾರು ಸಾಲು ಬರತ್ತೆ, ನಾನು ಹುಡುಕಿದ್ದು ಮೂರು. ವೆರಿಫೈಡ್ ಬೂಟ್ ಸ್ಟೇಟ್: ಆರೆಂಜ್. ಸೆಕ್ಯುರಿಟಿ ಪ್ಯಾಚ್ ತಾರೀಖು: ಎರಡು ವರ್ಷಕ್ಕಿಂತ ಹಳೇದು. ಬಿಲ್ಡ್ ಟ್ಯಾಗ್ಸ್ ಅನ್ನೋ ಸಾಲಲ್ಲಿ: ಟೆಸ್ಟ್-ಕೀಸ್. ಈ ಮೂರನೇದನ್ನ ನೋಡಿ ನನಗೆ ನಿಜಕ್ಕೂ ಸಿಟ್ಟು ಬಂತು. ಆಂಡ್ರಾಯ್ಡ್ ಸೋರ್ಸ್ ಕೋಡ್ ಜೊತೆಗೇ ಡೆವಲಪರ್‌ಗಳಿಗೆ ಪ್ರಯೋಗಕ್ಕೆ ಅಂತ ಒಂದು ಜೊತೆ ಸೈನಿಂಗ್ ಕೀ ಬರತ್ತೆ, ಅದರ ಪ್ರೈವೇಟ್ ಕೀ ಕೂಡ ಎಲ್ಲರಿಗೂ ಸಿಗೋ ಹಾಗೆ ಅಲ್ಲೇ ಇದೆ. ಮಾರೋ ಫೋನಿಗೆ ತಮ್ಮದೇ ಗುಟ್ಟಿನ ಕೀ ಮಾಡ್ಕೊಂಡು ಸಹಿ ಹಾಕಬೇಕು. ಇವರು ಅದನ್ನ ಮಾಡಿಲ್ಲ. ಬೀದಿ ಬಾಗಿಲಿಗೆ ಬೀಗ ಜಡಿದು ಬೀಗದಕೈನ ಅದೇ ಬಾಗಿಲ ಮೊಳೆಗೆ ನೇತುಹಾಕಿದ ಹಾಗೆ. ಆ ಕೀಲಿ ಸಹಿ ಮಾಡಿದ ಯಾವ ಆ್ಯಪ್ ಬೇಕಾದ್ರೂ ಸಿಸ್ಟಂ ಮಟ್ಟದ ಅಧಿಕಾರ ಕೇಳಿ ಪಡೀಬಹುದು. ಮೂಲೆ ಅಂಗಡೀಲಿ ಸಿಗೋ ಹತ್ತು ಸಾವಿರದ ಮಾಮೂಲಿ ಫೋನು ಇದಕ್ಕಿಂತ ಭದ್ರ.

ಸೋಮವಾರ ಅಕ್ಕ ಅದನ್ನ ವಾಪಸ್ ಕೊಟ್ಲು.

ಭಾನುವಾರ

ಅವತ್ತು ಸ್ಕ್ರೂಡ್ರೈವರ್ ಮುಟ್ಟಲಿಲ್ಲ, ಇಂಥ ಫೋನ್‌ಗಳ ಹಿಂದಿನ ಕಥೆಗಳನ್ನ ಅಕ್ಕನಿಗೆ ಕೂತು ಹೇಳಿದೆ, ಯಾಕಂದ್ರೆ ಮುಂದೆ ಯಾರೇ ಬಂದು ಮಾರಿದ್ರೂ ಅವಳಿಗೆ ಏನು ಕೇಳಬೇಕು ಅಂತ ಗೊತ್ತಿರಬೇಕಿತ್ತು.

ಆನಮ್ ಅಂತ ಒಂದು ಫೋನ್ ಇತ್ತು. ಕ್ಯಾಲ್ಕ್ಯುಲೇಟರ್ ಆ್ಯಪಲ್ಲಿ ಪಿನ್ ಹೊಡೆದ್ರೆ ಗುಟ್ಟಿನ ಮೆಸೆಂಜರ್ ತೆಗೆಯೋದು. ಸುಮಾರು 12,000 ಫೋನು, 100ಕ್ಕೂ ಜಾಸ್ತಿ ದೇಶ. 2021ರ ಜೂನ್ 8ಕ್ಕೆ ಗೊತ್ತಾಯ್ತು, ಅದನ್ನ ನಡೆಸ್ತಿದ್ದೋರೇ ಅಮೆರಿಕದ ಎಫ್‌ಬಿಐ, ಜೊತೆಗೆ ಆಸ್ಟ್ರೇಲಿಯಾ ಪೊಲೀಸ್. ಕಳಿಸಿದ ಪ್ರತಿ ಮೆಸೇಜಿನ ಒಂದು ಕಾಪಿ ಅವರಿಗೆ ಹೋಗ್ತಿತ್ತು, 2 ಕೋಟಿ 70 ಲಕ್ಷ ಮೆಸೇಜು, 800ಕ್ಕೂ ಹೆಚ್ಚು ಜನ ಅರೆಸ್ಟ್. ಅದರ ಹಿಂದಿನ ವರ್ಷವೇ ಇಂಥದ್ದೇ ಆದ ಎನ್‌ಕ್ರೋಚಾಟ್ ಫೋನುಗಳ ಒಳಗೆ ಫ್ರೆಂಚ್ ಪೊಲೀಸರು ಸೇರಿದ್ರು. ಸಿಕ್ಕಿಬಿದ್ದೋರು ಬಹುಪಾಲು ಡ್ರಗ್ಸ್ ದಂಧೆಯೋರು, ಅವರ ಬಗ್ಗೆ ನನಗೆ ಕನಿಕರ ಇಲ್ಲ. ಆದ್ರೆ ಅಷ್ಟು ದುಡ್ಡು ಕೊಟ್ಟು ತಗೊಂಡೋರಲ್ಲಿ ಬಹುತೇಕ ಯಾರಿಗೂ ತಮ್ಮ ಕೈಲಿರೋ ಫೋನ್ ಯಾರದ್ದು ಅಂತ ಪರೀಕ್ಷೆ ಮಾಡೋ ದಾರಿ ಇರಲಿಲ್ಲ, ಮಾರಿದವನ ಮಾತು ಬಿಟ್ರೆ ಬೇರೆ ಆಧಾರ ಇರಲಿಲ್ಲ.

"ಅವರು ಕಳ್ಳರು ಬಿಡು, ಸರ್ಕಾರದೋರಾದ್ರೆ ಚೆಕ್ ಮಾಡಿ ತಗೋತಿದ್ರು" ಅಂದ್ಲು ಅಕ್ಕ. ಅದಕ್ಕೆ ಕ್ರಿಪ್ಟೋ ಎಜಿ ಕಥೆ. ಸ್ವಿಟ್ಜರ್ಲೆಂಡ್ ಕಂಪನಿ, ಗುಪ್ತ ಸಂದೇಶದ ಯಂತ್ರ ಮಾಡಿ ನೂರಕ್ಕೂ ಜಾಸ್ತಿ ದೇಶಗಳಿಗೆ ಮಾರಿತ್ತು, ತಗೊಂಡೋರಲ್ಲಿ ಭಾರತವೂ ಇತ್ತು, ಪಾಕಿಸ್ತಾನವೂ ಇತ್ತು. 1970ರಿಂದ ಆ ಕಂಪನಿಯ ಗುಟ್ಟಿನ ಮಾಲೀಕರು ಅಮೆರಿಕದ ಸಿಐಎ ಮತ್ತು ಆಗಿನ ಪಶ್ಚಿಮ ಜರ್ಮನಿಯ ಗುಪ್ತಚರ ಇಲಾಖೆ. ಪೂರ್ತಿ ಬಯಲಾಗಿದ್ದು 2020ರ ಫೆಬ್ರವರೀಲಿ. ಅಕ್ಕ ಸ್ವಲ್ಪ ಹೊತ್ತು ಸುಮ್ನೆ ಕೂತು, "ಹಂಗಾದ್ರೆ ನಾವು ಚೆಕ್ ಮಾಡಕ್ಕಾಗೋದು ಯಾವ್ದಿದೆ ಹೇಳು, ಅದನ್ನೇ ತಗೊಳ್ಳಣ" ಅಂದ್ಲು. ನಮ್ಮ ಇಡೀ ಕೆಲಸಕ್ಕೆ ಆ ಒಂದು ಮಾತೇ ಅಳತೆಗೋಲು ಆಯ್ತು.

ಫೋನ್ ಹುಡುಕಿದ್ದು

ಗ್ರಾಫೀನ್‌ಓಎಸ್ ಹಾಕೋದು ಅಂತ ತೀರ್ಮಾನ. ಆಂಡ್ರಾಯ್ಡ್ ಕೋಡಿಂದಲೇ ಮಾಡಿರೋ, ಭದ್ರತೆಗೆ ಒತ್ತು ಕೊಡೋ ಓಎಸ್ (ಫೋನ್ ನಡೆಸೋ ಮೂಲ ಸಾಫ್ಟ್‌ವೇರ್) ಅದು. ಸೋರ್ಸ್ ಓಪನ್, ಬೂಟ್‌ಲೋಡರ್ ವಾಪಸ್ ಲಾಕ್ ಮಾಡಬಹುದು, ಒಳಗಿರೋದು ಅದೇನಾ ಅಂತ ನಾವೇ ಪರೀಕ್ಷೆ ಮಾಡಬಹುದು. ಇದಕ್ಕೆ ಪಿಕ್ಸೆಲ್ ಫೋನ್ ಬೇಕು. ಗೂಗಲ್‌ನಿಂದ ದೂರ ಹೋಗೋಕೆ ಗೂಗಲ್ ಮಾಡಿದ ಫೋನನ್ನೇ ತಗೋಬೇಕಾ ಅಂತ ಎಲ್ಲರೂ ಕೇಳ್ತಾರೆ, ಕೇಳಬೇಕಾದ ಪ್ರಶ್ನೆಯೇ. ನಮ್ಮದೇ ಕೀ ಹಾಕಿ ಮತ್ತೆ ಬೀಗ ಜಡಿಯೋಕೆ ಬಿಡೋದು, ಪಿನ್ ಊಹೆ ಮಾಡೋರನ್ನ ತಡೆಯೋ ಟೈಟನ್ ಎಂ2 ಅನ್ನೋ ಬೇರೆ ಚಿಪ್ ಇರೋದು, ಇವೆರಡೂ ಸೇರಿ ನನ್ನ ಬಜೆಟ್ಟಲ್ಲಿ ಸಿಗೋದು ಇದೊಂದೇ.

ಸೆಕೆಂಡ್ ಹ್ಯಾಂಡ್ ಪಿಕ್ಸೆಲ್ 7ಎ ಬೆಂಗಳೂರಿನ ಎಸ್‌ಪಿ ರೋಡಲ್ಲಿ 16,500ಕ್ಕೆ ತಂದೆ. ಇದಕ್ಕೆ 2028ರ ಮೇ ತನಕ ಸೆಕ್ಯುರಿಟಿ ಅಪ್‌ಡೇಟ್ ಇದೆ. ಮನೆಗೆ ಬಂದು ಡೆವಲಪರ್ ಆಪ್ಷನ್ ತೆಗೆದ್ರೆ, ಬೂಟ್‌ಲೋಡರ್ ಬೀಗ ತೆಗೆಯೋಕೆ ಬಿಡೋ ಸ್ವಿಚ್, ಓಇಎಂ ಅನ್‌ಲಾಕಿಂಗ್ ಅನ್ನೋದು ಬೂದು ಬಣ್ಣಕ್ಕೆ ತಿರುಗಿ ಕೂತಿದೆ, ಒತ್ತಿದ್ರೆ ಆನ್ ಆಗಲ್ಲ. ವೈಫೈ ಹಾಕಿ ಕಾದೆ, ಫ್ಯಾಕ್ಟರಿ ರೀಸೆಟ್ ಮಾಡ್ದೆ, ಊಹೂಂ. ಅಮೆರಿಕದ ಟೆಲಿಕಾಂ ಕಂಪನಿಯೊಂದರ ಮೂಲಕ ಮಾರಾಟ ಆಗಿದ್ದ ಪೀಸು ಅದು, ಇಲ್ಲಿನ ಸಿಮ್ ಚೆನ್ನಾಗೇ ಓಡತ್ತೆ, ಆದ್ರೆ ಬೂಟ್‌ಲೋಡರ್ ಯಾವತ್ತೂ ತೆಗೆಯಕ್ಕಾಗಲ್ಲ. ಮರುದಿನ ವಾಪಸ್ ಹೋಗಿ ಸಾವಿರ ರೂಪಾಯಿ ಜಾಸ್ತಿ ಕೊಟ್ಟು ಭಾರತದ ಬಿಲ್ ಇರೋ ಪೀಸ್ ತಗೊಂಡೆ, ಈ ಸಲ ಅಂಗಡಿ ಕೌಂಟರ್ ಮುಂದೇನೇ ಹಾಟ್‌ಸ್ಪಾಟ್ ಹಾಕಿ ಆ ಸ್ವಿಚ್ ಆನ್ ಆಗತ್ತಾ ನೋಡ್ಕೊಂಡೇ ದುಡ್ಡು ಕೊಟ್ಟೆ. ನೀವೂ ದಯವಿಟ್ಟು ಹಾಗೇ ಮಾಡಿ.

ಇನ್‌ಸ್ಟಾಲ್

ವಾಲ್ಯೂಮ್ ಡೌನ್ ಒತ್ತಿ ಹಿಡಿದು ಆನ್ ಮಾಡಿದ್ರೆ ಫಾಸ್ಟ್‌ಬೂಟ್ ಮೋಡ್, ಅಂದ್ರೆ ಹೊಸ ಸಾಫ್ಟ್‌ವೇರ್ ಬರೆಯೋಕೆ ಬಿಡೋ ಸ್ಥಿತಿ, ಕೆಂಪು ತ್ರಿಕೋನ ಬರತ್ತೆ. ಗ್ರಾಫೀನ್‌ನ ವೆಬ್ ಇನ್‌ಸ್ಟಾಲರ್ ಬ್ರೌಸರ್ ಒಳಗಿಂದಲೇ ಯುಎಸ್‌ಬಿ ಮೂಲಕ ಫೋನಿಗೆ ಬರೆಯತ್ತೆ. ನನ್ನದು ಉಬುಂಟು ಲ್ಯಾಪ್‌ಟಾಪ್, ಅದರಲ್ಲಿದ್ದ ಕ್ರೋಮಿಯಮ್ ಬ್ರೌಸರ್ ಸ್ನ್ಯಾಪ್ ಪ್ಯಾಕೇಜ್ (ಸಿಸ್ಟಂನಿಂದ ಬೇರ್ಪಡಿಸಿ ಓಡಿಸೋ ಥರದ್ದು), ಅದರೊಳಗಿಂದ ಫೋನ್ ಕಾಣಿಸಲೇ ಇಲ್ಲ. ಡೆಬ್ ಪ್ಯಾಕೇಜಲ್ಲಿ ಬೇರೆ ಬ್ರೌಸರ್ ಹಾಕ್ದೆ, ಯುಎಸ್‌ಬಿ ಮುಟ್ಟೋಕೆ ಅನುಮತಿ ಕೊಡೋ ಯುಡೆವ್ ರೂಲ್ಸ್ ಹಾಕ್ದೆ, ಕಾಣಿಸ್ತು. ಅನ್‌ಲಾಕ್ ಆಯ್ತು, ಒಂದು ಜಿಬಿಗೂ ಮೀರಿದ ಫೈಲ್ ಡೌನ್‌ಲೋಡ್ ಆಯ್ತು, ಫ್ಲ್ಯಾಶ್ ಶುರು ಆಯ್ತು, ಅರ್ಧಕ್ಕೆ ಬಂದು ಫೋನ್ ತಾನೇ ಒಂದು ಸಲ ರೀಬೂಟ್ ಆದಾಗ ಕನೆಕ್ಷನ್ ಬಿಟ್ಟು ಹೋಯ್ತು. ಎರಡನೇ ಸಲವೂ ಅಲ್ಲೇ. ಕಾರಣ ಲಿನಕ್ಸಿನ ಎಫ್‌ಡಬ್ಲ್ಯುಯುಪಿಡಿ ಅನ್ನೋ ಸರ್ವಿಸು, ಹೊಸ ಡಿವೈಸ್ ಕಂಡ ತಕ್ಷಣ ಅದರ ಫರ್ಮ್‌ವೇರ್ ವಿಚಾರಿಸೋಕೆ ಅದೂ ಅದೇ ಯುಎಸ್‌ಬಿ ದಾರೀಲಿ ನುಗ್ಗತ್ತೆ. ಸಿಸ್ಟಂಸಿಟಿಎಲ್‌ನಲ್ಲಿ ಅದನ್ನ ನಿಲ್ಲಿಸಿ, ಹಬ್ ತೆಗೆದು ಕೇಬಲ್ ನೇರವಾಗಿ ಲ್ಯಾಪ್‌ಟಾಪಿಗೇ ಹಾಕಿದ ಮೇಲೆ ಮೂರನೇ ಸಲಕ್ಕೆ ಪೂರ್ತಿ ಹೋಯ್ತು. ಅದಾದ ಮೇಲೆ ಬೂಟ್‌ಲೋಡರ್ ಮತ್ತೆ ಲಾಕ್. ಈ ಹೆಜ್ಜೆ ಬಿಟ್ರೆ ಸೇಲ್ಸ್‌ನವನ ಫೋನಿಗೂ ಇದಕ್ಕೂ ವ್ಯತ್ಯಾಸವೇ ಇರಲ್ಲ.

ಈಗ ಆನ್ ಮಾಡಿದ್ರೆ ಹಳದಿ ಎಚ್ಚರಿಕೆ, ಇದರಲ್ಲಿ ಬೇರೆ ಓಎಸ್ ಇದೆ ಅಂತ, ಕೆಳಗೆ ಉದ್ದಕ್ಕೆ ಅಕ್ಷರ-ಅಂಕಿಗಳ ಸಾಲು. ಪವರ್ ಬಟನ್ ಒಂದು ಸಲ ಒತ್ತಿದ್ರೆ ಆ ಪರದೆ ಅಲ್ಲೇ ನಿಲ್ಲತ್ತೆ. ಆ ಸಾಲು ಯಾವ ಕೀಲಿ ಸಹಿ ಆಗಿದೆ ಅನ್ನೋದರ ಗುರುತು, 64 ಅಕ್ಷರ. ಅಧಿಕೃತ ಪಟ್ಟೀಲಿ 7ಎಗೆ ಏನಿದೆ ಅಂತ ಅಕ್ಕ ಅವಳ ಲ್ಯಾಪ್‌ಟಾಪಲ್ಲಿ, ಅವಳ ಮೊಬೈಲ್ ಡೇಟಾದಲ್ಲಿ ತೆಗೆದ್ಲು, ನನ್ನ ವೈಫೈ ಅಲ್ಲ. ಅವಳು ನಾಲ್ಕು ನಾಲ್ಕು ಅಕ್ಷರ ಓದೋದು, ನಾನು ಫೋನ್ ಮೇಲೆ ಬೆರಳಿಟ್ಟು "ಹೂಂ" ಅನ್ನೋದು. ಹದಿನಾರು ಹೂಂ. ಎರಡು ಕಡೆ "ಬಿ"ನೋ "ಡಿ"ನೋ ಕೇಳಿಸದೆ ಮತ್ತೆ ಓದಿಸಿದೆ. ಮುಗಿದ ಮೇಲೆ "ಈಗ ಗೊತ್ತಾಯ್ತು ಬಿಡು" ಅಂತ ಆ ಸಾಲನ್ನ ಒಂದು ಹಾಳೇಲಿ ಬರ್ಕೊಂಡ್ಲು.

ಇನ್ನೊಂದು ಪರೀಕ್ಷೆ ಆಡಿಟರ್ ಅನ್ನೋ ಆ್ಯಪು. ನನ್ನ ಫೋನಲ್ಲೂ ಹಾಕಿ, ಎರಡನ್ನೂ ಎದುರುಬದುರು ಹಿಡಿದು ಕ್ಯೂಆರ್ ಸ್ಕ್ಯಾನ್ ಮಾಡಿದ್ರೆ ಪೇರ್ ಆಗತ್ತೆ. ಆಮೇಲೆ ಪ್ರತಿ ಸಲ ಸ್ಕ್ಯಾನ್ ಮಾಡಿದಾಗಲೂ ಬೂಟ್‌ಲೋಡರ್ ಲಾಕ್ ಇದ್ಯಾ, ಪ್ಯಾಚ್ ಯಾವ ತಿಂಗಳದ್ದು, ಮೊದಲು ಪೇರ್ ಆಗಿದ್ದ ಅದೇ ಫೋನಾ ಅನ್ನೋದನ್ನ ಒಳಗಿನ ಚಿಪ್ಪೇ ಸಹಿ ಹಾಕಿ ಹೇಳತ್ತೆ. ಆ ಚಿಪ್ಪಿನ ಸಹಿಯ ಬೇರು ಕೊನೆಗೆ ಹೋಗಿ ನಿಲ್ಲೋದು ಗೂಗಲ್ ಹತ್ರ. ಅಲ್ಲಿಂದಾಚೆ ನನ್ನ ಕೈಲಿ ಅಳೆಯಕ್ಕಾಗಲ್ಲ, ಅಕ್ಕನಿಗೂ ಅದನ್ನ ಬಿಡಿಸಿ ಹೇಳಿದೆ.

ಏನೇನು ಹೊರಗೆ ಹೋಗತ್ತೆ

ಇನ್‌ಸ್ಟಾಲ್‌ಗೆ ಮುಂಚೆ ಒಂದು ರಾತ್ರಿ, ಆದ ಮೇಲೆ ಒಂದು ರಾತ್ರಿ, ಸಿಮ್ ಇಲ್ಲದೆ ಫೋನನ್ನ ಹಳೇ ಲ್ಯಾಪ್‌ಟಾಪಿನ ಹಾಟ್‌ಸ್ಪಾಟಿಗೆ ಸೇರಿಸಿ ಫೋನು ಯಾರ ಜೊತೆ ಮಾತಾಡತ್ತೆ ಅಂತ ಬರೆದಿಡೋ ಟಿಸಿಪಿಡಂಪ್ ಓಡಿಸಿ ಮಲಗಿದೆ. ಮೊದಲನೇ ರಾತ್ರಿ ಅಕೌಂಟೇ ಹಾಕಿರದ ಫೋನು ಬೆಳಗಿನ ತನಕ ಗೂಗಲ್ ಸರ್ವರ್‌ಗಳ ಹತ್ರ ಮಾತಾಡ್ತಾನೇ ಇತ್ತು. ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನ ಡಗ್ಲಸ್ ಲೀತ್ 2021ರಲ್ಲಿ ಇದನ್ನೇ ಅಳೆದಿದ್ರು, ಸುಮ್ನೆ ಇಟ್ಟಿರೋ ಆಂಡ್ರಾಯ್ಡೂ ಐಫೋನೂ ಸರಾಸರಿ ನಾಲ್ಕೂವರೆ ನಿಮಿಷಕ್ಕೊಂದು ಸಲ ತಮ್ಮ ಕಂಪನಿಗೆ ಡೇಟಾ ಕಳಿಸತ್ತೆ ಅಂತ. ಎರಡನೇ ರಾತ್ರಿ ಕಂಡಿದ್ದು ಬೆರಳೆಣಿಕೆಯಷ್ಟು, ಎಲ್ಲಾ ಗ್ರಾಫೀನ್‌ನ ಸ್ವಂತ ಸರ್ವರ್‌ಗಳು: ನೆಟ್ ಇದ್ಯಾ ನೋಡೋದು, ಟೈಮ್ ಸರಿ ಮಾಡ್ಕೊಳೋದು, ಅಪ್‌ಡೇಟ್ ಕೇಳೋದು. ಗೂಗಲ್ ಒಂದು ಸಲವೂ ಕಾಣಿಸಲಿಲ್ಲ.

ಸಂತೋಷ ಆಯ್ತು, ಆದ್ರೆ ಈ ಅಳತೆಗೆ ಎಷ್ಟು ಬೆಲೆ ಅಂತಾನೂ ಹೇಳಬೇಕು. ನನಗೆ ಕಾಣೋದು ವೈಫೈಲಿ ಹೋಗೋದು ಮಾತ್ರ, ಅದೂ ಯಾರಿಗೆ ಹೋಯ್ತು ಅನ್ನೋದು, ಒಳಗೇನಿತ್ತು ಅನ್ನೋದಲ್ಲ. ಸಿಮ್ ಕಡೆಯಿಂದ ಹೋಗೋದು ನನ್ನ ಲ್ಯಾಪ್‌ಟಾಪಿಗೆ ಬರೋದೇ ಇಲ್ಲ. ಮತ್ತೆ ಗ್ರಾಫೀನ್‌ನೋರನ್ನ ನಂಬೋದಂತೂ ಇದ್ದೇ ಇದೆ. ಅದನ್ನ ಶುರು ಮಾಡಿದ ಡೇನಿಯಲ್ ಮಿಕೇ ಮೊದಲು ಇಂಥದ್ದೇ ಇನ್ನೊಂದು ಓಎಸ್ ಆದ ಕಾಪರ್‌ಹೆಡ್‌ಓಎಸ್‌ನಲ್ಲಿದ್ದಾಗ, 2018ರಲ್ಲಿ ಕಂಪನಿ ಜೊತೆ ಜಗಳ ಆಗಿ, ಕೀ ತಪ್ಪು ಕೈಗೆ ಹೋಗಬಾರದು ಅಂತ ಸೈನಿಂಗ್ ಕೀಗಳನ್ನೇ ಅಳಿಸಿ ಹಾಕಿದ್ರು. ಬಳಸೋರ ಪರವಾಗಿ ಮಾಡಿದ್ದು ಅಂತಾನೇ ನಾನು ನಂಬ್ತೀನಿ, ಆದ್ರೂ ಅಷ್ಟು ಜನರ ಫೋನು ಒಬ್ಬ ಮನುಷ್ಯನ ಕೈಲಿದ್ದ ಒಂದು ಫೈಲ್ ಮೇಲೆ ನಿಂತಿತ್ತು ಅನ್ನೋದು ನಿಜ ತಾನೇ.

ಆ್ಯಪ್‌ಗಳು

ವಾಟ್ಸಾಪ್ ಬೇಕೇ ಬೇಕು, ಬರೋ ಹೆಣ್ಮಕ್ಕಳೆಲ್ಲಾ ಅದರಲ್ಲೇ ಇರೋದು. ಕಾಂಟ್ಯಾಕ್ಟ್ ಸ್ಕೋಪ್ಸ್ ಅನ್ನೋದರಲ್ಲಿ ಅದಕ್ಕೆ ಖಾಲಿ ಪಟ್ಟಿ ತೋರಿಸಿದೀವಿ, ನಂಬರ್ ಹೊಡೆದೇ ಚಾಟ್ ಶುರು ಮಾಡಬೇಕು, ಸ್ವಲ್ಪ ಕಿರಿಕಿರಿ. ಯುಪಿಐ ಬೇರೆ ಪ್ರೊಫೈಲಲ್ಲಿ ಹಾಕಿದ್ದೆ, ರಿಜಿಸ್ಟರ್ ಆಗೋವಾಗ ಎಸ್ಸೆಮ್ಮೆಸ್ ಹೋಗದೆ ನಿಂತಿತು, ಆ ಪ್ರೊಫೈಲಿಗೆ ಕರೆ ಮತ್ತು ಎಸ್ಸೆಮ್ಮೆಸ್ ಅನುಮತಿ ಆನ್ ಮಾಡಿದ ಮೇಲೆ ಸರಿ ಆಯ್ತು. ಒಂದು ಬ್ಯಾಂಕ್ ಆ್ಯಪ್ ಓಪನ್ ಆಗ್ತಿದ್ದ ಹಾಗೇ ಮುಚ್ಕೊಳ್ತಿತ್ತು, ಎಕ್ಸ್‌ಪ್ಲಾಯ್ಟ್ ಪ್ರೊಟೆಕ್ಷನ್ ಕಂಪ್ಯಾಟಿಬಿಲಿಟಿ ಮೋಡ್ ಅಂತ ಆ ಆ್ಯಪಿಗೆ ಮಾತ್ರ ಆನ್ ಮಾಡಿದೆ, ಓಡ್ತು. ಇನ್ನೊಂದು ಏನು ಮಾಡಿದ್ರೂ ಒಪ್ಪಲಿಲ್ಲ, ಅದು ಅಕ್ಕನ ಸ್ವಂತ ಫೋನಲ್ಲೇ ಉಳೀತು.

ಒಂದು ತಪ್ಪು ಆಯ್ತು, ನನ್ನದೇ. ಗ್ರಾಫೀನಲ್ಲಿ 18 ಗಂಟೆ ಯಾರೂ ಲಾಕ್ ತೆಗೀದಿದ್ರೆ ಫೋನ್ ತಾನೇ ರೀಬೂಟ್ ಆಗಿ ಎಲ್ಲಾ ಡೇಟಾ ಮತ್ತೆ ಎನ್‌ಕ್ರಿಪ್ಟ್ ಆದ ಸ್ಥಿತಿಗೆ ಹೋಗತ್ತೆ. ಕದ್ದೋರ ಕೈಲಿದ್ರೆ ಅದು ದೊಡ್ಡ ರಕ್ಷಣೆ. 2024ರಲ್ಲಿ ಸೋರಿಕೆಯಾದ, ಪೊಲೀಸರಿಗೆ ಫೋನ್ ತೆಗೆಯೋ ಉಪಕರಣ ಮಾರೋ ಸೆಲೆಬ್ರೈಟ್ ಕಂಪನಿಯ ದಾಖಲೆಗಳಲ್ಲೂ 2022ರ ಕೊನೆಯ ನಂತರ ಅಪ್‌ಡೇಟ್ ಆಗಿರೋ ಗ್ರಾಫೀನ್ ಫೋನನ್ನ ಬಲವಂತವಾಗಿ ತೆಗೆಯಕ್ಕಾಗಲ್ಲ ಅಂತಾನೇ ಇತ್ತು. ಆದ್ರೆ ಶನಿವಾರ ಸಂಜೆ ಆಫೀಸಿನ ಡ್ರಾಯರಲ್ಲಿಟ್ಟ ಫೋನು ಭಾನುವಾರ ಮಧ್ಯಾಹ್ನ ರೀಬೂಟ್ ಆಯ್ತು. ರೀಬೂಟ್ ಆಗಿ ಪಿನ್ ಹಾಕೋ ತನಕ ಮಾಮೂಲಿ ಕರೆ ರಿಂಗ್ ಆಗತ್ತೆ, ವಾಟ್ಸಾಪ್ ಕರೆ ಆಗಲ್ಲ. ಡ್ಯೂಟೀಲಿದ್ದ ಹುಡುಗಿ ಪಕ್ಕದ ರೂಮಲ್ಲೇ ಕೂತಿದ್ಲು, ಅವಳಿಗೆ ಏನೂ ಕೇಳಿಸಿಲ್ಲ. ಸೋಮವಾರ ಪಿನ್ ಹಾಕಿದಾಗ ಒಬ್ಬಾಕೆಯ ಎರಡು ಮಿಸ್ಡ್ ಕಾಲ್. ಆಕೆ ಕ್ಷೇಮವಾಗಿದ್ದಾಳೆ, ಅಕ್ಕ ಜಾಗರೂಕತೆಯಿಂದ ವಿಚಾರಿಸಿದ್ಲು. ಆದ್ರೆ ನನಗೆ ಅವತ್ತು ಊಟ ಸೇರಲಿಲ್ಲ. ಈಗ ಟೈಮರ್ 18ಕ್ಕೇ ಇದೆ, ರಜಾ ದಿನವೂ ಬೆಳಿಗ್ಗೆ 9ಕ್ಕೆ, ರಾತ್ರಿ 9ಕ್ಕೆ ಡ್ಯೂಟೀಲಿರೋರು ಪಿನ್ ಹಾಕಿ ತೆಗೆದು ರಿಜಿಸ್ಟರಲ್ಲಿ ಸಹಿ ಮಾಡಬೇಕು ಅಂತ ಮಾಡಿದೀವಿ.

ಇದು ಕಾಪಾಡದೇ ಇರೋದು

ಅಕ್ಕನಿಗೆ ಫೋನ್ ಕೊಡೋ ದಿನ ಇದನ್ನೇ ಜಾಸ್ತಿ ಹೊತ್ತು ಹೇಳಿದ್ದು. ಸಿಮ್ ಹಾಕಿದ ಮೇಲೆ ಟವರಿಗೆ ಐಎಂಇಐ (ಫೋನಿನ ಗುರುತಿನ ನಂಬರ್) ಗೊತ್ತು, ಯಾರ ಹೆಸರಿನ ಸಿಮ್ ಗೊತ್ತು, ಸುಮಾರಾಗಿ ಎಲ್ಲಿದೆ ಅಂತಾನೂ ಗೊತ್ತು. ಯಾವ ಓಎಸ್ಸೂ ಇದನ್ನ ಮುಚ್ಚಿಡಲ್ಲ. ಟವರ್ ಜೊತೆ ಮಾತಾಡೋ ಮೋಡೆಮ್ ಚಿಪ್ಪಿನ ಒಳಗಿನ ಸಾಫ್ಟ್‌ವೇರ್ ಮುಚ್ಚಿದ ಡಬ್ಬ. 2023ರ ಮಾರ್ಚಲ್ಲಿ ಗೂಗಲ್ಲಿನದೇ ಪ್ರಾಜೆಕ್ಟ್ ಝೀರೋ ತಂಡ ಸ್ಯಾಮ್ಸಂಗಿನ ಎಕ್ಸಿನೋಸ್ ಮೋಡೆಮ್‌ಗಳಲ್ಲಿ 18 ದೋಷ ಹೇಳ್ತು, ಅದರಲ್ಲಿ ನಾಲ್ಕಕ್ಕೆ ಫೋನ್ ನಂಬರ್ ಒಂದು ಗೊತ್ತಿದ್ರೆ ಸಾಕು, ಫೋನ್ ಇಟ್ಕೊಂಡೋರು ಏನೂ ಒತ್ತಬೇಕಾಗಿಲ್ಲ. ಪಿಕ್ಸೆಲ್ 6, 7 ಸರಣಿಗಳೂ ಆ ಪಟ್ಟೀಲಿದ್ವು. 7ಎನಲ್ಲಿರೋದೂ ಸ್ಯಾಮ್ಸಂಗ್ ಮೋಡೆಮ್ಮೇ. ಅದು ಫೋನಿನ ಉಳಿದ ಮೆಮೊರಿಗೆ ಕೈ ಹಾಕದ ಹಾಗೆ ಐಓಎಂಎಂಯು ಅನ್ನೋ ಗೋಡೆ ಇದೆ, ತಿಂಗಳ ಅಪ್‌ಡೇಟ್ ತಪ್ಪದೆ ಬರತ್ತೆ, ನಮ್ಮ ಕೈಲಿರೋದು ಅಷ್ಟು.

"ಪೆಗಾಸಸ್ ಬಂದ್ರೆ?" ಅಂದ್ಲು ಅಕ್ಕ. ಸರ್ಕಾರಗಳಿಗೆ ಮಾರೋ ಬೇಹುಗಾರಿಕೆ ಸಾಫ್ಟ್‌ವೇರ್ ಅದು. 2021ರಲ್ಲಿ ಬಯಲಾದ, ಅದರ ಗುರಿ ಆಗಿರಬಹುದಾದ ನಂಬರ್‌ಗಳ ಪಟ್ಟೀಲಿ 2019ರ ಜುಲೈ ಹೊತ್ತಿನ ಕರ್ನಾಟಕದ ನಂಬರ್‌ಗಳೂ ಇದ್ವು ಅಂತ ವರದಿ ಆಗಿತ್ತು, ಆಗಿನ ಉಪಮುಖ್ಯಮಂತ್ರಿ ಪರಮೇಶ್ವರ್ ಅವರದ್ದು, ಕುಮಾರಸ್ವಾಮಿ, ಸಿದ್ದರಾಮಯ್ಯ ಇಬ್ಬರ ಆಪ್ತ ಕಾರ್ಯದರ್ಶಿಗಳದ್ದು. ಪಟ್ಟೀಲಿದೆ ಅಂದ ಮಾತ್ರಕ್ಕೆ ಫೋನ್ ಒಳಗೆ ಸೇರಿತ್ತು ಅಂತಲ್ಲ. ಸುಪ್ರೀಂ ಕೋರ್ಟ್ ನೇಮಿಸಿದ್ದ, ನಿವೃತ್ತ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಮೇಲ್ವಿಚಾರಣೆಯ ಸಮಿತಿ 29 ಫೋನ್ ಪರೀಕ್ಷೆ ಮಾಡಿ ಐದರಲ್ಲಿ ಏನೋ ಮಾಲ್‌ವೇರ್ ಇದೆ, ಅದು ಪೆಗಾಸಸ್ಸೇ ಅಂತ ಹೇಳಕ್ಕಾಗಲ್ಲ ಅಂದಿತ್ತು. ಅಂಥವರು ಬೆನ್ನು ಹತ್ತಿದ್ರೆ ನಾನು ಮಾಡಿಕೊಟ್ಟ ಫೋನ್ ಎಷ್ಟು ತಡೀತದೆ ಅಂತ ಭರವಸೆ ಕೊಡಲ್ಲ ಅಂತ ನೇರವಾಗೇ ಹೇಳಿದೆ.

ಆದ್ರೆ ಅಕ್ಕನ ಹತ್ರ ಬರೋ ಹೆಣ್ಮಕ್ಕಳ ಬೆನ್ನು ಹತ್ತಿರೋದು ಅವರ ಮನೇಲೇ ಇರೋನು. ಅವನಿಗೆ ಕೋಟಿಗಟ್ಟಲೆ ಬೆಲೆಯ ಸಾಫ್ಟ್‌ವೇರ್ ಬೇಕಾಗಿಲ್ಲ, ಹೆಂಡತಿ ಮಲಗಿದ್ದಾಗ ಅವಳ ಬೆರಳಿಟ್ಟು ಫೋನ್ ತೆಗೆದು ವಾಟ್ಸಾಪಿನ ಲಿಂಕ್ಡ್ ಡಿವೈಸಸ್‌ಗೆ ತನ್ನ ಲ್ಯಾಪ್‌ಟಾಪ್ ಸೇರಿಸಿದ್ರೆ ಮುಗೀತು. ಮ್ಯಾಪ್ಸಲ್ಲಿ ಲೊಕೇಶನ್ ಶೇರಿಂಗ್ ಆನ್, ಜೀಮೇಲ್ ಪಾಸ್‌ವರ್ಡ್ ಅವನೇ ಮಾಡಿಕೊಟ್ಟಿದ್ದು, ಪರದೆ ಮೇಲಿರೋದನ್ನ ಓದೋಕೆ ಬಿಡೋ ಆಕ್ಸೆಸಿಬಿಲಿಟಿ ಪರ್ಮಿಷನ್ ಪಟ್ಟೀಲಿ "ಸಿಸ್ಟಂ ಸರ್ವಿಸ್" ಅಂತ ಹೆಸರಿಟ್ಕೊಂಡ ಒಂದು ಆ್ಯಪ್. ಹೋದ ವಾರ ಅಕ್ಕನ ಜೊತೆ ಕೂತು ನೋಡಿದ ಮೊದಲ ಫೋನಲ್ಲೇ ಇದರಲ್ಲಿ ಎರಡಿತ್ತು. ಕಂಡ ತಕ್ಷಣ ತೆಗೀಬಾರದು, ತೆಗೆದ್ರೆ ಅವನಿಗೆ ಗೊತ್ತಾಗತ್ತೆ, ಆಕೆ ಅವತ್ತು ರಾತ್ರಿ ಅದೇ ಮನೆಗೆ ವಾಪಸ್ ಹೋಗಬೇಕು. ಇದನ್ನ ನನಗೆ ಹೇಳಿಕೊಟ್ಟಿದ್ದು ಅಕ್ಕ. ಎಲ್ಲಾ ಬೇರೆ ಫೋನಲ್ಲಿ ಫೋಟೋ ತೆಗೆದಿಟ್ಕೊಂಡು, ಆಕೆ ಬೇರೆ ಜಾಗಕ್ಕೆ ಹೋಗೋ ದಿನ ಏನು ಮಾಡಬೇಕು ಅಂತ ಆಕೆ ಜೊತೆಗೇ ಕೂತು ಬರೆದ್ವಿ.

ಆಫೀಸ್ ಫೋನ್ ಈಗ ಮೂರನೇ ವಾರ. ಆ 64 ಅಕ್ಷರದ ಹಾಳೆ ರಿಜಿಸ್ಟರಿನ ಮೊದಲ ಪುಟಕ್ಕೆ ಅಂಟಿದೆ. ಆಡಿಟರ್ ಈಗ ಅಕ್ಕನ ಸ್ವಂತ ಫೋನಲ್ಲೂ ಪೇರ್ ಆಗಿದೆ, ಸೋಮವಾರ ಬೆಳಿಗ್ಗೆ ಸ್ಕ್ಯಾನ್ ಮಾಡಿ ನನಗೆ "ಸರಿ ಇದೆ" ಅಂತ ಒಂದು ಮೆಸೇಜ್ ಹಾಕ್ತಾಳೆ. ಈ ವಾರ ಅದರ ಜೊತೆ ಇನ್ನೊಂದು ಸಾಲಿತ್ತು: ಪ್ಯಾಚ್ ತಾರೀಖು ಹೊಸದಾಗಿದೆ, ಹಳದಿ ಪರದೇಲಿರೋ ಅಕ್ಷರ ಮಾತ್ರ ಅದೇ ಇದೆ, ಹಂಗೇ ಇರಬೇಕು ಅಲ್ವಾ?

ಹೌದು ಅಕ್ಕ, ಹಂಗೇ ಇರಬೇಕು.